ಸುನ್ನಾ ದೊಡ್ಡಮ್ಮನ ಸೊಳ್ಳೆ ಲೆಕ್ಕ

ನಮ್ಮ ಸುನ್ನಾ ದೊಡ್ಡಮ್ಮನಿಗೆ ಕಾಫಿ ಕುಡಿಯುವ ಕಪ್ಪೂ ಸೊಳ್ಳೆಮರಿ ಎಣಿಸುವ ಕಪ್ಪೂ ಒಂದೇ. ಬರ್ಚ್ ಮರದ ಗಂಟು ಕೊರೆದು ಮಾಡಿದ ಕಪ್ಪು ಅದು, ಹಿಡಿಯ ಹತ್ತಿರ ಸೀಳುಬಿಟ್ಟಿದ್ದಕ್ಕೆ ಸಾರಂಗದ ನರದಲ್ಲಿ ಹೊಲಿಗೆ ಹಾಕಿದ್ದಾಳೆ. ಜೌಗಿನ ಗುಂಡಿಯಲ್ಲಿ ಅದನ್ನು ಅದ್ದಿ, ಎತ್ತಿ, ಕಣ್ಣ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸುತ್ತಾಳೆ. ಎಣಿಸಿ ಮುಗಿದ ಮೇಲೆ ನೀರು ಚೆಲ್ಲಿ, ಲಂಗದ ಅಂಚಿನಲ್ಲಿ ಒಂದು ಸಲ ಒರೆಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಾಳೆ. "ತೊಳ್ಕೋ ದೊಡ್ಡಮ್ಮ" ಅಂದರೆ, "ಅವು ನನ್ನ ರಕ್ತ ಕುಡೀತಾವೆ, ನಾನು ಅವುಗಳ ನೀರು ಕುಡಿದ್ರೆ ಏನೀಗ" ಅನ್ನುತ್ತಾಳೆ. ಈಗ ಎಂಬತ್ತೊಂದು ವಯಸ್ಸು. ಅವಳ ಜೊತೆ ವಾದ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ನಾನು ರಾವ್ನಾ, ಅವಳ ತಂಗಿಯ ಮಗಳು. ಅಂಚೆ ವ್ಯಾನು ಓಡಿಸುತ್ತೇನೆ. ನಮ್ಮಮ್ಮ ಅಂಗಡಿಯವನನ್ನು ಮದುವೆಯಾಗಿ ಹಿಮಸಾರಂಗದ ಸಹವಾಸವೇ ಬೇಡ ಅಂತ ಕೈತೊಳೆದುಕೊಂಡಳು. ದೊಡ್ಡಮ್ಮ ಯಾರನ್ನೂ ಮದುವೆಯಾಗದೆ ಸಾರಂಗದ ಜೊತೆಗೇ ಉಳಿದಳು. ಅಮ್ಮ ತೀರಿಕೊಂಡ ಮೇಲೆ, ಈ ಮುದುಕಿಯನ್ನು ನೋಡಿಕೊಳ್ಳೋಣ ಅಂತ ನಾನು ಕೆರೆದಂಡೆಯ ಅವಳ ಮನೆಗೆ ಬಂದು ಸೇರಿದೆ. ಬಂದ ಮಾರನೇ ದಿನವೇ ನನ್ನ ಕೈಗೆ ಗುದ್ದಲಿ ಕೊಟ್ಟು ಹೊಗೆ ಹಾಕಲು ಬೇಕಾದ ಜೌಗಿನ ಪಾಚಿ ಅಗೆಯಲು ಕಳಿಸಿದಳು.

ಬೇರೆ ಕಡೆ ಜನ ಸೊಳ್ಳೆಗೆ ಶಾಪ ಹಾಕುತ್ತಾರಂತೆ. ಭೂಮಿಯ ಬಡಗಣ ತುದಿಯಲ್ಲಿರುವ ನಾವೂ ಹಾಕುತ್ತೇವೆ, ಬಾಯಿತುಂಬ. ಆದರೆ ಅವು ಬರದೆ ಹೋದರೆ ನಮಗೆ ಕೈಕಾಲೇ ಆಡುವುದಿಲ್ಲ. ಬೇಸಿಗೆಯಲ್ಲಿ ಸಾರಂಗಗಳು ಕಾಡಿನೊಳಗೆ ಒಂದೊಂದು ದಿಕ್ಕಿಗೆ ಒಂದೊಂದು ಮೇಯುತ್ತಿರುತ್ತವೆ, ಯಾರ ಕೈಗೂ ಸಿಗುವುದಿಲ್ಲ. ಸೊಳ್ಳೆ ಏಳಬೇಕು, ಅದರ ಹಿಂದೆ ತೊರೆಯ ನುಸಿ, ಅದರ ಹಿಂದೆ ಮೂಗಿಗೆ ನುಗ್ಗುವ ಕಾಡುನೊಣ. ಆಗ ತಡೆದುಕೊಳ್ಳಲಾರದೆ ಕಾಡು ಬಿಟ್ಟು ಗಾಳಿಯಾಡುವ ಬೋಳುಗುಡ್ಡಕ್ಕೆ ಓಡಿಬಂದು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಅಲ್ಲಿ ಹೊಗೆ ಹಾಕಿಟ್ಟಿದ್ದರೆ ತಾವಾಗಿಯೇ ದೊಡ್ಡಿಯೊಳಗೆ ಬರುತ್ತವೆ. ಯಾವ ಮರಿ ಯಾವ ತಾಯಿಯ ಹಿಂದೆ ಹೋಗುತ್ತದೆ ಅಂತ ನೋಡಿ, ತಾಯಿಯ ಕಿವಿಯಲ್ಲಿರುವ ಗುರುತನ್ನೇ ಮರಿಯ ಕಿವಿಗೂ ಕೊಯ್ಯುತ್ತೇವೆ. ಗುರುತು ಬೀಳುವ ಮೊದಲೇ ತಾಯಿಯಿಂದ ಬೇರೆಯಾದ ಮರಿ ಯಾರದೂ ಅಲ್ಲ, ಸಾರಂಗ ಸಾಕುವವರ ಸಂಘದ್ದು.

ದೊಡ್ಡಮ್ಮನಿಗೆ ಊರು ಒಪ್ಪಿಸಿದ ಕೆಲಸ ಎರಡು. ಸೊಳ್ಳೆ ಯಾವತ್ತು ಏಳುತ್ತದೆ ಅಂತ ಹೇಳುವುದು, ಎದ್ದ ದಿನ ಹೊಗೆ ಹಾಕುವುದು. ಹಿಮ ಕರಗಿದ ಗುಂಡಿಗಳಲ್ಲಿ ಸೊಳ್ಳೆಮರಿ ಮೊದಲು ನೂಲೆಳೆಯಂತೆ ಇರುತ್ತದೆ, ಅದಕ್ಕೆ ಅವಳು ಇಟ್ಟ ಹೆಸರು 'ದಾರ'. ಆಮೇಲೆ ಬೆನ್ನು ಬಾಗಿ ತಲೆ ದಪ್ಪಗಾಗುತ್ತದೆ, ಅದು 'ಗುಂಡುತಲೆ'. ಒಂದು ಕಪ್ಪಿನಲ್ಲಿ ದಾರಕ್ಕಿಂತ ಗುಂಡುತಲೆ ಹೆಚ್ಚಾಯಿತೋ, ನಾಲ್ಕೈದು ದಿನಕ್ಕೆ ಸೊಳ್ಳೆ ರೆಕ್ಕೆ ಬಿಚ್ಚಿತು ಅಂತ ಲೆಕ್ಕ. ನಲವತ್ತು ವರ್ಷ ಈ ಲೆಕ್ಕ ತಪ್ಪಿರಲಿಲ್ಲ. ನಮ್ಮ ಸಂಘದ ಮುಂದಾಳು ಆಸ್ಲಾಟ್, ಯಾರ ಮಾತಿಗೂ ಸೊಪ್ಪು ಹಾಕದ ಮನುಷ್ಯ, ಅವಳ ಕಪ್ಪಿನ ಮಾತು ಕೇಳಿಯೇ ಜನ ಕೂಡಿಸುತ್ತಿದ್ದ.

ಈಗ ಹೇಳಹೊರಟಿದ್ದು ಏಳು ವರ್ಷದ ಹಿಂದಿನ ಮಾತು. ಒಂದು ಕಾಲಕ್ಕೆ ದೊಡ್ಡಮ್ಮನ ಗುರುತು ಅರವತ್ತು ಕಿವಿಗಳ ಮೇಲಿತ್ತು. ಎಡಗಿವಿಯ ತುದಿ ಸೀಳಿ ಹಕ್ಕಿಬಾಲ, ಬಲಗಿವಿಯ ಹಿಂಬದಿಗೆ ಒಂದು ಕಚ್ಚು. ಅವಳ ಅಮ್ಮನ ಗುರುತು ಅದು, ಅಮ್ಮನಿಗೆ ಅವಳ ಅಮ್ಮನಿಂದ ಬಂದಿದ್ದು. ಎರಡು ಚಳಿಗಾಲ ಹಿಮದ ಮೇಲೆ ಮಂಜುಗಡ್ಡೆ ಕಟ್ಟಿ ಸಾರಂಗಗಳಿಗೆ ಮೇವು ಸಿಗದೆ ಹಿಂಡು ಕರಗಿತು. ಉಳಿದಿದ್ದು ಬೀಜ ಒಡೆದ ಎರಡು ಗಂಡು, ಮತ್ತೆ ಹದಿನೈದು ವರ್ಷದ ಒಂದು ಹೆಣ್ಣು. ಆ ಹೆಣ್ಣು ಹೊಗೆ ಕಂಡರೆ ಸಾಕು, ಬಂದು ಬೂದಿಗೆ ಮೂತಿ ಇಡುತ್ತಿತ್ತು. ಅದಕ್ಕೇ ಬೂದಿಮೂತಿ ಅಂತ ಹೆಸರು. ಐದು ವರ್ಷದಿಂದ ಅದು ಹಾಕಿದ ಮರಿಗಳೆಲ್ಲ ಗಂಡೇ. ಬೂದಿಮೂತಿ ಸತ್ತರೆ ಆ ಗುರುತು ಸಂಘದ ಕಾಗದದ ಮೇಲೆ ಉಳಿಯುತ್ತಿತ್ತು, ಕಿವಿಯ ಮೇಲೆ ಇರುತ್ತಿರಲಿಲ್ಲ. ಕಾಗದದ ಗುರುತು ಮರಿ ಹಾಕುವುದಿಲ್ಲವಲ್ಲ.

ಮೇ ತಿಂಗಳಲ್ಲಿ ಅಂಚೆ ವ್ಯಾನಿನಲ್ಲಿ ಹೋಗುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ "ನಿಲ್ಲಿಸೇ" ಅಂದಳು. ಜೌಗಿನಾಚೆ ಬೂದಿಮೂತಿ ನಿಂತಿತ್ತು, ಹೊಟ್ಟೆಯ ಕೆಳಗೆ ಒಂದು ಕಂದು ಮರಿ. ಗಂಡೋ ಹೆಣ್ಣೋ ಗೊತ್ತಾಗಬೇಕಾದರೆ ಅದು ಉಚ್ಚೆ ಹೊಯ್ಯುವುದನ್ನು ನೋಡಬೇಕು. ದುರ್ಬೀನು ಹಿಡಿದು ಕೂತಳು. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು. "ದೊಡ್ಡಮ್ಮ, ಜನ ಕಾಯ್ತಿರ್ತಾರೆ" ಅಂದೆ. "ಕಾಗದ ಬಂದಿಲ್ಲ ಅಂತ ಯಾರೂ ಸತ್ತಿಲ್ಲ, ಸುಮ್ನಿರು" ಅಂದಳು. ಕೊನೆಗೆ ಆ ಮರಿ ಹಿಂಗಾಲು ಬಗ್ಗಿಸಿ, ಸೊಂಟ ಇಳಿಸಿ, ಹಿಂದಕ್ಕೆ ಹೊಯ್ದಿತು. ದೊಡ್ಡಮ್ಮ ದುರ್ಬೀನು ಇಳಿಸಿ, "ಹೆಣ್ಣು" ಅಂತ ಒಂದೇ ಮಾತು ಹೇಳಿ, ಕಣ್ಣೊರೆಸಿಕೊಂಡಳು. ಆವತ್ತು ಊರಿನ ಅಂಚೆ ಎರಡು ಗಂಟೆ ತಡವಾಯಿತು, ಒಂದು ಮರಿಗೆ ಉಚ್ಚೆ ಬಾರದ ಕಾರಣಕ್ಕೆ.

ಆ ವರ್ಷ ಚಳಿ ಹೋಗಲೊಲ್ಲದು. ಜೂನ್ ಮುಗಿಯುತ್ತ ಬಂದರೂ ಬಡಗಣ ಗಾಳಿ ಬೀಸುತ್ತಲೇ ಇತ್ತು. ಮಂಡಿನೋವಿನಿಂದ ದೊಡ್ಡಮ್ಮ ದೂರದ ಜೌಗಿಗೆ ಹೋಗುವುದನ್ನು ಬಿಟ್ಟು, ಹಬೆಯಲ್ಲಿ ಮೀಯುವ ಸೌನಾ ಮನೆಯ ಹಿಂದಿರುವ ಗುಂಡಿಯಲ್ಲೇ ಕಪ್ಪು ಅದ್ದಿದಳು. ಮೊದಲೂ ಅಲ್ಲೇ ಶುರು ಮಾಡುತ್ತಿದ್ದಳು, ಆಮೇಲೆ ದೂರದ್ದನ್ನು ನೋಡಿ ತಾಳೆ ಹಾಕುತ್ತಿದ್ದಳು. ಆ ಸಲ ತಾಳೆ ಹಾಕಲಿಲ್ಲ. ಕಪ್ಪಿನ ತುಂಬ ಗುಂಡುತಲೆ. "ಈ ಚಳೀಲೂ ಏನ್ ಹುರುಪು ನೋಡು ಇವಕ್ಕೆ" ಅಂತ ಖುಷಿಯಾಗಿ, ಆಸ್ಲಾಟ್‌ಗೆ ಫೋನು ಮಾಡಿ "ಗುರುವಾರ" ಅಂದಳು.

ಗುರುವಾರಕ್ಕೆ ಆಸ್ಲಾಟ್ ಹನ್ನೆರಡು ಜನ, ಏಳು ನಾಯಿ, ಡಬ್ಬಿಗಟ್ಟಲೆ ಪೆಟ್ರೋಲು ಕಟ್ಟಿಕೊಂಡು ಕೆರೆಯಾಚೆಯ ಬೋಳುಗುಡ್ಡಕ್ಕೆ ಬಂದ. ದೊಡ್ಡಮ್ಮ ಹೊಗೆ ಹಾಕಿದಳು. ಹೊಗೆ ಚೆನ್ನಾಗಿತ್ತು, ಸೊಳ್ಳೆ ಇರಲಿಲ್ಲ. ಶುಕ್ರವಾರವೂ ಇರಲಿಲ್ಲ. ಶನಿವಾರ ಗಂಡಸರು ಒಣಮಾಂಸವನ್ನೆಲ್ಲ ತಿಂದು ಮುಗಿಸಿ, ನಮ್ಮ ಕಡೆಯ ರೂಢಿಯಂತೆ ಕಾಫಿಯೊಳಗೆ ಗಿಣ್ಣು ಹಾಕಿಕೊಂಡು ಅದನ್ನೂ ಮುಗಿಸಿ, ಇಸ್ಪೀಟಾಡುತ್ತ ಕೂತಿದ್ದರು. ಒಂದೇ ಒಂದು ಸಾರಂಗ ಕಾಡು ಬಿಟ್ಟು ಬಂದಿರಲಿಲ್ಲ.

"ಸುನ್ನಕ್ಕ, ನಿನ್ನ ಸೊಳ್ಳೆ ಬಸ್ಸು ತಪ್ಪಿಸ್ಕೊಂಡ್ವಾ?" ಅಂದ ಆಸ್ಲಾಟ್.

"ನಮ್ಮ ಹಿತ್ತಲಲ್ಲಿ ಮುತ್ತಿಕೊಂಡಿವೆ ಕಣೋ. ನನ್ನ ಕೈ ನೋಡು, ಹೇಗೆ ಕಚ್ಚಿವೆ."

"ಅದು ಚಿಗಟ ಇರ್ಬೇಕು. ಹಾಸಿಗೆ ಬಿಸಿಲಿಗೆ ಹಾಕು."

ಹನ್ನೆರಡು ಜನವೂ ನಕ್ಕರು. ನಾಯಿಗಳಿಗೂ ನಗು ಬಂದಿತ್ತೇನೋ, ಬಾಲ ಅಲ್ಲಾಡಿಸುತ್ತಿದ್ದವು. ದೊಡ್ಡಮ್ಮನ ಮುಖ ನೋಡಲಾಗಲಿಲ್ಲ ನನಗೆ. ಆಸ್ಲಾಟ್ ಕೆಟ್ಟವನಲ್ಲ, ಆದರೆ ಅವನಿಗೂ ಹುಲ್ಲು ಕೊಯ್ಯುವುದಿತ್ತು, ಹೊಳೆಯಲ್ಲಿ ಸಾಲ್ಮನ್ ಮೀನು ಕಾಯುತ್ತಿತ್ತು. "ಈ ಸಲ ಬೇಸಿಗೆ ಗುರುತು ಬೇಡ, ಚಳಿಗಾಲದ ಮುಂಚೆ ಒಟ್ಟಿಗೇ ಮಾಡೋಣ" ಅಂತ ಎಲ್ಲರನ್ನೂ ಕರೆದುಕೊಂಡು ದೋಣಿ ಹತ್ತಿದ. ಉಳಿದವರಿಗೆ ಅದರಿಂದ ನಷ್ಟವೇನಿಲ್ಲ, ಅವರ ತಾಯಂದಿರೆಲ್ಲ ಗಟ್ಟಿಮುಟ್ಟು. ನಮ್ಮ ಬೂದಿಮೂತಿಗೆ ಮುಂದಿನ ಹಲ್ಲುಗಳೇ ಉಳಿದಿರಲಿಲ್ಲ.

"ಚಳಿಗಾಲದ ತನಕ ಅದು ಮರಿ ಜೊತೆ ಇರತ್ತೋ, ಇಲ್ಲ ಎಲ್ಲೋ ಪೊದೇಲಿ ಬಿದ್ದಿರತ್ತೋ" ಅಂದಳು ದೊಡ್ಡಮ್ಮ. "ತಾಯಿ ಇಲ್ಲದ ಮರಿ ತಂದು ಇದು ನಂದು ಅಂದ್ರೆ ಯಾರು ನಂಬ್ತಾರೆ." ಅಷ್ಟು ಹೇಳಿ ಮನೆಗೆ ಬಂದವಳೇ ಒಳಗೆ ಹೋಗಿ ಮಲಗಿಬಿಟ್ಟಳು. ಮಧ್ಯಾಹ್ನ ಮೂರು ಗಂಟೆಗೆ ಮಲಗುವ ಹೆಂಗಸಲ್ಲ ಅವಳು.

ಮಾರನೇ ದಿನ ನಾನು ಸೌನಾದಲ್ಲಿ ಕೂತು ಮೈಮೇಲೆ ನೀರು ಹುಯ್ದುಕೊಳ್ಳುತ್ತಿದ್ದೆ. ಹಿಂದಿನ ವರ್ಷ ಹಳೇ ಸೌನಾ ಕುಸಿದುಬಿದ್ದಾಗ ನನ್ನ ಸಂಬಳದಲ್ಲಿ ಕಟ್ಟಿಸಿದ ಹೊಸ ಸೌನಾ ಅದು. ಹಳೆಯದಕ್ಕಿಲ್ಲದ ಬಚ್ಚಲ ಕೊಳವೆ ಇದಕ್ಕಿತ್ತು. ಆ ಕೊಳವೆಯಲ್ಲಿ ನೀರು ಗುಳುಗುಳು ಅಂತ ಇಳಿಯುವುದನ್ನು ಕೇಳುತ್ತಿದ್ದವಳಿಗೆ, ಇದು ಹೋಗುವುದೆಲ್ಲಿಗೆ ಅಂತ ತಟ್ಟನೆ ಹೊಳೆಯಿತು. ಟವೆಲು ಸುತ್ತಿಕೊಂಡು ಹಿಂದಕ್ಕೆ ಓಡಿದೆ. ಗುಂಡಿಯೊಳಗೆ ಕೈ ಹಾಕಿದರೆ ನೀರು ಉಗುರುಬೆಚ್ಚಗಿತ್ತು. ದಂಡೆಯ ಹುಲ್ಲಿನ ಮೇಲೆ ಎರಡು ಏರೋಪ್ಲೇನ್ ಚಿಟ್ಟೆ ಕೂಡ ಕೂತಿದ್ದವು, ಆ ಚಳಿಗೆ ಊರಲ್ಲಿ ಬೇರೆಲ್ಲೂ ಇನ್ನೂ ಕಾಣದಂಥವು. ದಿನ ಬಿಟ್ಟು ದಿನ ನಾನು ಸುರಿದ ಬಿಸಿನೀರೆಲ್ಲ ಅಲ್ಲಿಗೇ ಹೋಗುತ್ತಿತ್ತು. ದೊಡ್ಡಮ್ಮನ ನಲವತ್ತು ವರ್ಷದ ಲೆಕ್ಕ ಕೆಡಿಸಿದವಳು ನಾನೇ.

ಹೇಳಲೋ ಬೇಡವೋ ಅಂತ ಅರ್ಧ ದಿನ ಒದ್ದಾಡಿದೆ. ನಾನು ಸತ್ಯವಂತೆಯೇನಲ್ಲ, ಹೇಳದೆ ಇದ್ದುಬಿಡೋಣ ಅಂತಲೂ ಅನ್ನಿಸಿತು. ಆದರೆ ಅವಳು ಊಟಕ್ಕೆ ಎದ್ದು ಬಂದು, "ನನಗೆ ವಯಸ್ಸಾಯ್ತು ಕಣೇ, ಇನ್ನು ಬೇರೆ ಯಾರಾದ್ರೂ ಎಣಿಸ್ಲಿ" ಅಂತ ಕಪ್ಪನ್ನು ಗೂಟಕ್ಕೆ ತೂಗುಹಾಕಿದಾಗ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ದೊಡ್ಡಮ್ಮ ಚಮಚ ಕೆಳಗಿಟ್ಟಳು. "ಸೊಳ್ಳೆಗೆ ಬಿಸಿನೀರು ಸ್ನಾನ ಮಾಡಿಸಿದ್ದೀಯಲ್ಲೇ" ಅಂದಳು.

"ತಪ್ಪಾಯ್ತು ದೊಡ್ಡಮ್ಮ."

"ಎಣ್ಣೆ ಒತ್ತಿದ್ಯಾ ತಲೆಗೆ? ಬೆನ್ನು ಉಜ್ಜಿದ್ಯಾ?" ಅಂದವಳೇ ನಗಲು ಶುರುಮಾಡಿದಳು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿನ ಮೇಲೆ ಮತ್ತೆ ನಗು. ಆಮೇಲೆ ಎದ್ದು ಗೂಟದಿಂದ ಕಪ್ಪು ತೆಗೆದು, "ಬೂಟು ಹಾಕ್ಕೋ" ಅಂದಳು.

ದೂರದ ಜೌಗಿಗೆ ಹಲಗೆ ಹಾಸಿದ ದಾರಿ, ಮೂರು ಕಿಲೋಮೀಟರು. ಅರ್ಧ ದಾರಿ ಅವಳು ನಡೆದಳು, ಇನ್ನರ್ಧ ನನ್ನ ಬೆನ್ನ ಮೇಲೆ. ಬೆನ್ನ ಮೇಲೆ ಕೂತೂ ಬಾಯಿ ಸುಮ್ಮನಿರಲಿಲ್ಲ, "ಎಡಕ್ಕೆ ಹೋಗೇ, ಅಲ್ಲಿ ಹೂತ್ಕೋತೀಯ" ಅಂತ ಸಾರಂಗ ಹೊಡೆಯುವ ಹಾಗೇ ಹೊಡೆಯುತ್ತಿದ್ದಳು. ಏಳು ಗುಂಡಿಗಳಲ್ಲಿ ಕಪ್ಪು ಅದ್ದಿದಳು. ಎಲ್ಲ ಕಡೆಯೂ ದಾರವೇ, ಗುಂಡುತಲೆ ಅಲ್ಲೊಂದು ಇಲ್ಲೊಂದು. ತೊರೆಯ ಕಲ್ಲುಗಳನ್ನೂ ಮಗುಚಿಸಿ ನೋಡಿದಳು. ಕಲ್ಲಿನ ಅಡಿಯಲ್ಲಿ ನುಸಿಯ ಮರಿಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು, ಪಕ್ಕದಲ್ಲೇ ಕಡ್ಡಿಚೂರು ಅಂಟಿಸಿ ಮನೆ ಕಟ್ಟಿಕೊಂಡ ಹುಳಗಳು ಮನೆಯನ್ನೇ ಎಳೆದುಕೊಂಡು ಓಡಾಡುತ್ತಿದ್ದವು. "ಒಂಬತ್ತು ದಿನ" ಅಂದಳು ದೊಡ್ಡಮ್ಮ. "ಗಾಳಿ ತೆಂಕಣಕ್ಕೆ ತಿರುಗಿದ್ರೆ ಎಂಟು."

ನಾನು ಆಸ್ಲಾಟ್‌ಗೆ ಫೋನು ಮಾಡಿದೆ. ಒಂಬತ್ತು ದಿನದ ಲೆಕ್ಕವನ್ನೂ ಸೌನಾದ ವಿಷಯವನ್ನೂ ಬಿಡದೆ ಹೇಳಿದೆ. ಆ ಕಡೆ ಅವನು ಬಹಳ ಹೊತ್ತು ನಕ್ಕ. "ಸರಿ ರಾವ್ನಾ, ನೀನೂ ಸ್ನಾನ ಮಾಡು, ಸೊಳ್ಳೇನೂ ಮಾಡ್ಲಿ. ಮತ್ತೊಂದ್ಸಲ ಜನ ಕರೆದ್ರೆ ನನ್ನನ್ನೇ ಹೊಡೀತಾರೆ, ನಾನಂತೂ ಬರಲ್ಲ" ಅಂತ ಇಟ್ಟುಬಿಟ್ಟ.

ಹಾಗಾಗಿ ಎಂಟನೇ ದಿನ ನಾವಿಬ್ಬರೇ ದೋಣಿ ಹತ್ತಿದೆವು. ನಾನು ಅಂಚೆ ಕಚೇರಿಗೆ ಹೊಟ್ಟೆನೋವು ಅಂತ ಹೇಳಿ ರಜೆ ಹಾಕಿದ್ದೆ. ದೋಣಿಯಲ್ಲಿ ಹೊಗೆ ಹಾಕಲು ಒದ್ದೆ ಪಾಚಿ, ಕೊಳೆತ ಬರ್ಚ್ ದಿಮ್ಮಿ, ಮರದ ಮೇಲೆ ಬೆಳೆಯುವ ಗಟ್ಟಿ ಅಣಬೆ. ಒಳಗೆ ಕೆಂಡ ಬೇಕು, ಮೇಲೆ ಬೆಂಕಿ ಕಾಣಬಾರದು, ಹೊಗೆ ನೆಲ ಬಿಟ್ಟು ಮೇಲೇಳಬಾರದು. ಇದು ಬರಬೇಕಾದರೆ ಕೈ ಪಳಗಬೇಕು, ನನಗಂತೂ ಇವತ್ತಿಗೂ ಅರ್ಧ ಉರಿಯುತ್ತದೆ. ಆವತ್ತು ಗಾಳಿಯೂ ತಿರುಗಲಿಲ್ಲ, ಸೊಳ್ಳೆಯೂ ಏಳಲಿಲ್ಲ. ದೊಡ್ಡಮ್ಮ ಕಪ್ಪಿನ ಮೇಲೆ ಕಪ್ಪು ಕಾಫಿ ಕುಡಿದಳು. ನನಗೆ ನಿಜವಾಗಿಯೂ ಹೊಟ್ಟೆನೋವು ಬಂತು.

ಒಂಬತ್ತನೇ ದಿನ ಬೆಳಗ್ಗೆ ಕಣ್ಣು ಬಿಟ್ಟಾಗ ಗುಡಾರದ ಬಟ್ಟೆ ಅಲುಗುತ್ತಿರಲಿಲ್ಲ. ಕೆರೆ ತಟ್ಟೆಯಲ್ಲಿ ಹಾಲು ಹುಯ್ದ ಹಾಗೆ ನಿಂತಿತ್ತು. ಕಿವಿಯ ಹತ್ತಿರ ಒಂದು ಸಣ್ಣ ರಾಗ ಕೇಳಿಸಿತು, ಆಮೇಲೆ ಇನ್ನೊಂದು. ಹತ್ತು ಗಂಟೆಗೆ ಹೊರಗೆ ಬಾಯಿ ತೆರೆಯುವ ಹಾಗಿರಲಿಲ್ಲ. ಹನ್ನೊಂದಕ್ಕೆ ನುಸಿ ಬಂತು, ಕಣ್ಣಿಗೆ, ಮೂಗಿಗೆ, ಕಾಲರಿನೊಳಗೆ. ನಾನು ಕುಣಿಯುತ್ತಿದ್ದೆ, ದೊಡ್ಡಮ್ಮನ ಮುಖದಲ್ಲಿ ಮಾತ್ರ ಹಬ್ಬ. "ಬನ್ರಪ್ಪ, ಬನ್ನಿ" ಅನ್ನುತ್ತ ದೊಡ್ಡಿಯ ನಡುವೆ ಪಾಚಿ ಒಟ್ಟಿ ಹೊಗೆ ಎಬ್ಬಿಸಿದಳು.

ಮೊದಲು ಸದ್ದು ಬಂತು. ಸಾರಂಗ ನಡೆದರೆ ಕಾಲಿನೊಳಗೆ ನರ ಟಕ್ ಅನ್ನುತ್ತದೆ. ನೂರಾರು ಕಾಲು ಒಟ್ಟಿಗೆ ಬಂದರೆ ಯಾರೋ ಗುಡ್ಡದ ಕೆಳಗೆ ಕಡ್ಡಿ ಮುರಿಯುತ್ತಿದ್ದಾರೇನೋ ಅನ್ನಿಸುತ್ತದೆ. ಆಮೇಲೆ ಕೊಂಬುಗಳು ಕಂಡವು. ತಲೆ ಒದರುತ್ತ, ಮೂಗು ನೆಲಕ್ಕೆ ಒತ್ತಿಕೊಂಡು, ಹಿಂಡು ಹಿಂಡಾಗಿ ಬಂದು ಹೊಗೆಯೊಳಗೆ ನುಗ್ಗಿದವು. ನಾವಿಬ್ಬರೂ ಹೊಗೆಯಲ್ಲೇ ಅಲುಗಾಡದೆ ಕೂತಿದ್ದೆವು. ಎದ್ದರೆ ಬೆದರಿ ಮತ್ತೆ ಕಾಡು ಸೇರಿಬಿಡುತ್ತವೆ. ದೊಡ್ಡಿಯ ಬಾಗಿಲು ಮುಚ್ಚಲು ನಾಲ್ಕು ಜನ ಬೇಕು, ನಾವಿದ್ದಿದ್ದು ಇಬ್ಬರೇ.

ಬೂದಿಮೂತಿ ಕಟ್ಟಕಡೆಗೆ ಬಂತು, ಕಾಲೆಳೆಯುತ್ತ. ಹಿಂದೆಯೇ ಮರಿ. ನೇರ ದೊಡ್ಡಮ್ಮನ ಮುಂದೆ ಬಂದು ಬೂದಿಯ ಅಂಚಿಗೆ ಮೂತಿಯಿಟ್ಟು ಉಸ್ಸೆಂದು ಮಲಗಿತು. ಮರಿ ಅದರ ಮಗ್ಗುಲಿಗೆ ಒರಗಿತು. ದೊಡ್ಡಮ್ಮ ಕೂತಲ್ಲಿಂದಲೇ ಇಷ್ಟಿಷ್ಟೇ ಸರಿದಳು. ಅವಳ ಕೈ ಮರಿಯ ಹಿಂಗಾಲಿಗೆ ಬಿತ್ತು, ಮರುಕ್ಷಣ ಅವಳೇ ಇಡಿಯಾಗಿ ಅದರ ಮೇಲೆ ಬಿದ್ದಿದ್ದಳು. ಎಪ್ಪತ್ತನಾಲ್ಕು ವರ್ಷದ ಮುದುಕಿ.

"ಚಾಕು ತಗೋ" ಅಂದಳು ನನಗೆ.

"ನಾನಾ?"

"ಇಲ್ಲ, ಸೊಳ್ಳೆಗೆ ಹೇಳ್ದೆ. ನನ್ನ ಕಣ್ಣು ಹೊಗೇಲಿ ಹೋಗಿದೆ, ಏನೂ ಕಾಣಲ್ಲ, ಕೈ ಇದರ ಕಾಲಲ್ಲಿದೆ. ಕಿವಿ ಮಡಚು. ಎಡಗಿವಿ ಮೊದಲು."

ಜೀವಮಾನದಲ್ಲಿ ಲಕೋಟೆ ಬಿಟ್ಟು ಬೇರೇನೂ ಕೊಯ್ದವಳಲ್ಲ ನಾನು. ಕಿವಿ ಬೆಚ್ಚಗಿತ್ತು, ರೇಷ್ಮೆಯಷ್ಟು ಮೆತ್ತಗಿತ್ತು. ಎರಡು ಕೈಗೂ ಕೆಲಸ, ಅಷ್ಟು ಹೊತ್ತಿಗೆ ಹೊಗೆ ಪಕ್ಕಕ್ಕೆ ಸರಿದು ಸೊಳ್ಳೆಗಳು ನನ್ನ ಹಣೆ, ರೆಪ್ಪೆ, ತುಟಿಯ ಮೇಲೆಲ್ಲ ಪಂಕ್ತಿ ಹಾಕಿ ಕೂತವು. ಹೊಡೆಯಲು ಕೈ ಎತ್ತಿದೆ. "ಏಯ್, ಮದುವೆಗೆ ಕರೆಸ್ಕೊಂಡ ನೆಂಟ್ರನ್ನ ಹೊಡೀತಾರೇನೇ? ಕೊಯ್ಯಿ" ಅಂದಳು. ಕೊಯ್ದೆ. ಎಡಕ್ಕೆ ಹಕ್ಕಿಬಾಲ, ಬಲಕ್ಕೆ ಕಚ್ಚು. ಕಚ್ಚು ಬೇಕಾದ್ದಕ್ಕಿಂತ ಒಂಚೂರು ದೊಡ್ಡದೇ ಆಯಿತು. ದೊಡ್ಡಮ್ಮ ಬೆರಳಿನಿಂದ ಮುಟ್ಟಿ ನೋಡಿ, "ಇರ್ಲಿ, ಇದು ನಿನ್ನ ಕೈಬರಹ" ಅಂದಳು. ಬಿಟ್ಟೊಡನೆ ಮರಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು, ಏನೂ ಆಗದವರ ಹಾಗೆ.

ಅಷ್ಟರಲ್ಲಿ ಕೆರೆಯ ಮೇಲೆ ಮೋಟಾರು ದೋಣಿಗಳ ಸದ್ದು. ಆಸ್ಲಾಟ್ ಹೊಳೆಯಲ್ಲಿ ಗಾಳ ಹಾಕಿ ನಿಂತಿದ್ದನಂತೆ. ಸೊಳ್ಳೆ ಮುತ್ತಿ ಗಾಳ ಬಿಸಾಕಿ ಓಡುವಾಗ ಒಂಬತ್ತು ದಿನ ಅಂದಿದ್ದು ನೆನಪಾಗಿ, ತಲೆಯೆತ್ತಿ ನೋಡಿದರೆ ಗುಡ್ಡದ ಮೇಲೆ ಹೊಗೆ. ಸಿಕ್ಕಸಿಕ್ಕವರನ್ನೆಲ್ಲ ದೋಣಿಗೆ ತುಂಬಿಕೊಂಡು ಬಂದಿದ್ದ. ಸದ್ದಿಲ್ಲದೆ ಸುತ್ತಿಬಂದು ದೊಡ್ಡಿಯ ಬಾಗಿಲು ಮುಚ್ಚಿದರು. ಅವನ ಮುಖ ಊದಿ ಕುಂಬಳಕಾಯಾಗಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು.

ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಚಿಗಟ ಇರ್ಬೇಕು ಕಣೋ" ಅಂದಳು.

"ಒಪ್ಕೊಂಡೆ ಸುನ್ನಕ್ಕ. ಬಾಯಿ ಬಿಟ್ರೆ ಒಳಗೆ ಹೋಗ್ತಾವೆ, ಈಗ ಬೈಬೇಡ."

ಸಂಜೆಯವರೆಗೂ ಗುರುತು ಹಾಕುವ ಕೆಲಸ ನಡೆಯಿತು. ಕೊಯ್ದ ಕಿವಿಚೂರನ್ನು ಯಾರೂ ಬಿಸಾಡುವುದಿಲ್ಲ, ಮರಿಗೊಂದರಂತೆ ಜೇಬಿಗೆ ಹಾಕಿಕೊಂಡು ಕೊನೆಗೆ ಎಣಿಸುತ್ತಾರೆ, ಎಷ್ಟು ಚೂರೋ ಅಷ್ಟು ಮರಿ. ಬೆಂಕಿಯ ಸುತ್ತ ಕೂತು ಎಲ್ಲರೂ ತಮ್ಮತಮ್ಮದನ್ನು ಹರವಿಕೊಂಡರು. ಆಸ್ಲಾಟ್‌ನದು ಮೂವತ್ತೆಂಟು ಮರಿ, ಅವನ ಭಾವನದು ಇಪ್ಪತ್ತು. ದೊಡ್ಡಮ್ಮ ಅಂಗಿಯ ಒಳಜೇಬಿಗೆ ಕೈಹಾಕಿ ಬೆರಳ ತುದಿಯಷ್ಟು ಒಂದು ಚೂರು ತೆಗೆದಳು. ಅದನ್ನು ನನ್ನ ಅಂಗೈ ಮೇಲಿಟ್ಟಳು.

"ಎಣಿಸು" ಅಂದಳು.

"ಎಣಿಸೋಕೇನಿದೆ ದೊಡ್ಡಮ್ಮ, ಇರೋದೇ ಒಂದು. ಅದೂ ನಿಂದು."

"ಗುರುತನ್ನ ಚಳಿಗಾಲದಲ್ಲೇ ನಿನ್ನ ಹೆಸರಿಗೆ ಬರೆಸಿದೀನಿ. ಮರಿ ಹುಟ್ಟದೆ ಹೇಗೆ ಹೇಳ್ಲಿ ಅಂತ ಸುಮ್ನಿದ್ದೆ. ಬಾಯ್ಬಿಟ್ಟು ಎಣಿಸೇ."

ಅಂಗೈ ಮೇಲಿನ ಚೂರಿಗೆ ಬೆರಳಿಟ್ಟೆ. "ಒಂದು" ಅಂದೆ.

"ಹಾಂ. ನಮ್ಮಮ್ಮನೂ ಅಲ್ಲಿಂದಲೇ ಶುರು ಮಾಡಿದ್ದು" ಅಂತ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಕಟ್ಟಿಸಿ, ದೊಡ್ಡಮ್ಮ ಕಪ್ಪನ್ನು ಲಂಗದ ಅಂಚಿನಲ್ಲಿ ಒರೆಸಿ ಕಾಫಿ ಬಗ್ಗಿಸಿಕೊಂಡಳು.